ಡ್ರಾಪ್ಸ್ ಹಾಕಿಸಿಕೊಂಡ ಮಧ್ಯಾಹ್ನ

ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಂಡು ಬರುವುದು ಸಕ್ಕರೆ ಕಾಯಿಲೆ ನನಗೆ ಹಾಕಿದ ಕರಾರು. ಕಣ್ಣಿನಲ್ಲಿ ತೊಂದರೆಯೇನೂ ಇರುವುದಿಲ್ಲ. ಅದು ಶುರುವಾಗುವುದು, "ಏನೂ ತೊಂದರೆಯಿಲ್ಲ, ಹೋಗಿಬನ್ನಿ" ಎಂದು ಡಾಕ್ಟರು ಹೇಳಿ ಕಳಿಸಿದ ಮೇಲೆ.

ಮೊದಲು ಸಿಸ್ಟರ್ ರೆಪ್ಪೆ ಎಳೆದು ಎರಡೂ ಕಣ್ಣಿಗೆ ಒಂದೊಂದು ತೊಟ್ಟು ಬಿಟ್ಟು, "ಮುಚ್ಚಿಕೊಂಡೇ ಕೂತಿರಿ ಸಾರ್" ಎನ್ನುತ್ತಾರೆ. ಚುರುಕ್ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ಗಂಟಲೆಲ್ಲ ಕಹಿ. ಕಣ್ಣಿನಿಂದ ಮೂಗಿಗೊಂದು ಸಣ್ಣ ಕಾಲುವೆಯಿದೆ. ಅಳುವಾಗ ಮೂಗು ಸೋರುವುದೂ ಅದರ ಕೃಪೆಯೇ. ಬೆಂಚಿನ ಮೇಲೆ ಕಣ್ಣು ಮುಚ್ಚಿ ಸಾಲಾಗಿ ಕೂತ ನಮ್ಮನ್ನು ಯಾರಾದರೂ ನೋಡಿದರೆ ಧ್ಯಾನ ಶಿಬಿರವೆಂದುಕೊಂಡಾರು, ಮಾತು ಕಿವಿಗೆ ಬೀಳುವ ತನಕ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ಸೈಟಿನ ವ್ಯಾಜ್ಯವನ್ನು, ತಮ್ಮನ ಮೇಲಿನ ಸಿಟ್ಟಿನ ಸಮೇತ, ನನಗೆ ಪೂರ್ತಿ ಒಪ್ಪಿಸಿದರು. ಮುಖ ನೋಡದೆ ಹೇಳುವುದು ಸುಲಭವೇನೋ. ಅಷ್ಟರಲ್ಲಿ ಅವರನ್ನು ಒಳಗೆ ಕರೆದರು. ನೋಡಲು ಹೇಗಿದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಪಾಪೆ ಅಗಲವಾಗದೆ ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಅಂಚಿನವರೆಗೆ ಕಾಣುವುದಿಲ್ಲ. ಬೆಳಕಿಗೆ ಪಾಪೆಯನ್ನು ಕುಗ್ಗಿಸುವ ಸ್ನಾಯುವನ್ನು ಡ್ರಾಪ್ಸ್ ಮಲಗಿಸುತ್ತದೆ, ಜೊತೆಗೆ ಹತ್ತಿರದ್ದನ್ನು ಓದಿಸುವ ಸ್ನಾಯುವನ್ನೂ. ಡಾಕ್ಟರು ಬಾಗಿಲು ತೆರೆದು ಮನೆಯೆಲ್ಲ ನೋಡಿ ಹೊರಟುಬಿಡುತ್ತಾರೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳಲು ನಾಲ್ಕಾರು ಗಂಟೆ ಬೇಕು. ಉಮ್ಮತ್ತಿ ಗಿಡದಲ್ಲಿರುವ ಅಟ್ರೋಪಿನ್‌ಗೂ ಇದೇ ಗುಣ. ಆ ಕಾಯಿ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡ ಎಂದು ಅಜ್ಜಿ ಗದರುತ್ತಿದ್ದದ್ದು ಸುಮ್ಮನೆ ಅಲ್ಲ.

ಹೊರಗೆ ಗಾಂಧಿ ಬಜಾರಿನ ಮಟಮಟ ಮಧ್ಯಾಹ್ನ. ಸೇವಂತಿಗೆಯ ರಾಶಿ ಉರಿಯುವ ಒಲೆಯ ಹಾಗೆ ಕಣ್ಣಿಗೆ ಹೊಡೆಯಿತು. ಈ ಸಲ ಕಪ್ಪು ಕನ್ನಡಕ ಒಯ್ಯಬೇಕೆಂದು ಹೋದ ವರ್ಷವೇ ನಿಶ್ಚಯಿಸಿಕೊಂಡಿದ್ದೆ. ಅದು ಮನೆಯಲ್ಲಿ ಭದ್ರವಾಗಿತ್ತು. ಕರವಸ್ತ್ರವನ್ನು ಹಣೆಗೆ ಸೂರಿನಂತೆ ಹಿಡಿದು ಆಟೊ ಹತ್ತಿದೆ.

ಇಳಿದಾಗ ಫಜೀತಿ. ಮೊಬೈಲಿನಲ್ಲಿ ಕೊಡೋಣವೆಂದರೆ ಅಂಕಿಗಳೆಲ್ಲ ಇರುವೆ ಸಾಲು. ಒತ್ತುವುದು ನೂರೋ ಸಾವಿರವೋ! ಜೇಬಿಗೆ ಕೈ ಹಾಕಿದರೆ ಒಂದು 20, ಒಂದು 200, ಎರಡೂ ಹಳದಿ. ಕಣ್ಣು ಕಾಣದವರಿಗೆಂದು 200ರ ಅಂಚಿನಲ್ಲಿ ನಾಲ್ಕು ಉಬ್ಬುಗೆರೆಗಳು, ನಡುವೆ ಎರಡು ವೃತ್ತಗಳು ಇರುವುದು ಆಗ ನೆನಪಾಯಿತು. ಇಷ್ಟು ವರ್ಷ ಎಣಿಸಿದ ನೋಟನ್ನು ಅಂದೇ ಮೊದಲು ಸವರಿ ನೋಡಿದ್ದು. ಹಳೆಯ ನೋಟು, ಗೆರೆಯೆಲ್ಲ ಸವೆದಿತ್ತು. ಬೆರಳಿಗೆ ಏನೂ ಸಿಗಲಿಲ್ಲ. ದಿನವೂ ಹೀಗೇ ತಡವುವವರು ಏನು ಮಾಡುತ್ತಾರೋ.

ಎರಡನ್ನೂ ಮುಂದೆ ಹಿಡಿದೆ.

"ಡ್ರಾಪ್ಸ್ ಹಾಕಿಸಿಕೊಂಡಿದ್ದೀರಾ ಸಾರ್?" ಎನ್ನುತ್ತ ಆಟೊದವರು ಒಂದನ್ನು ಎಳೆದುಕೊಂಡು, ಚಿಲ್ಲರೆಯನ್ನು ನನ್ನ ಅಂಗೈಗಿಟ್ಟು ಬೆರಳು ಮಡಿಸಿ ಹೋದರು. ಎಷ್ಟಿದೆಯೆಂದು ಎಣಿಸುವಷ್ಟು ಕಣ್ಣು ಬಂದದ್ದು ಸಂಜೆ ಆರಕ್ಕೆ. ಅಷ್ಟು ಹೊತ್ತಿಗೆ ಅದರಲ್ಲಿ ಅರ್ಧ ಸೊಪ್ಪಿನವಳ ಕೈ ಸೇರಿತ್ತು.