ಕಣ್ಣಿಗೆ ಕಟ್ಟಿದ ಡಬ್ಬ

ತಿಪಟೂರಿನ ಹತ್ತಿರವಿರುವ ನಮ್ಮ ತೆಂಗಿನ ತೋಟದಲ್ಲಿ, ಪಂಪ್‌ಹೌಸಿನ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಇಟ್ಟಿಗೆಯಷ್ಟು ದಪ್ಪದ ಕಪ್ಪು ಡಬ್ಬವೊಂದನ್ನು ಮುಖಕ್ಕೆ ಬಿಗಿದುಕೊಂಡು, ಎರಡು ಹೆಬ್ಬೆರಳುಗಳನ್ನು ಮಾತ್ರ ಆಡಿಸುತ್ತ ಕುಳಿತಿರುವ ನಡುವಯಸ್ಸಿನ ಗಂಡಸನ್ನು ಕಂಡರೆ ದಾರಿಹೋಕರಿಗೆ ಏನನ್ನಿಸಬೇಕೋ ಅದೇ ಅನ್ನಿಸಿದೆ. ಹೋದ ವರ್ಷ ಕಾಯಿ ನೋಡಲು ಬಂದ ವ್ಯಾಪಾರಿಯೊಬ್ಬರು ಬಹಳ ಹೊತ್ತು ಮೌನವಾಗಿ ನಿಂತಿದ್ದು, ಕೊನೆಗೆ ಮರುಕದಿಂದ, "ಪೊರೆ ಆಪರೇಷನ್ ಆಯ್ತಾ ಸ್ವಾಮಿ? ಯಾವ ಆಸ್ಪತ್ರೆ?" ಎಂದು ಕೇಳಿದರು. ಆ ಕ್ಷಣದಲ್ಲಿ ನಾನು ಅವರ ತಲೆಯ ಮೇಲೆ ನಲವತ್ತು ಅಡಿ ಎತ್ತರದಲ್ಲಿ, ಎರಡು ಗರಿಗಳ ನಡುವೆ ನುಸುಳುತ್ತಿದ್ದೆ. ಉತ್ತರ ಕೊಡುವಷ್ಟರಲ್ಲಿ ಡ್ರೋನು ಮೂರನೆಯ ಗರಿಗೆ ಬಡಿದು ಕಾಲುವೆಗೆ ಬಿತ್ತು.

ಎಫ್‌ಪಿವಿ ಅಂದರೆ ಫರ್ಸ್ಟ್ ಪರ್ಸನ್ ವ್ಯೂ ಎಂದು ಕರೆಯುವ, ಡ್ರೋನಿನ ಕ್ಯಾಮೆರಾ ಕಂಡದ್ದನ್ನು ನೋಡುತ್ತಲೇ ಹಾರಿಸುವ ಈ ಹವ್ಯಾಸದ ಸಾಮಗ್ರಿ ಬಹಳವೇನಿಲ್ಲ. ಅಂಗೈಯಗಲದ ಡ್ರೋನಿನ ಮೂತಿಯಲ್ಲಿ ಒಂದು ಕ್ಯಾಮೆರಾ, ಅದರ ಹಿಂದೆ ಚಿತ್ರವನ್ನು 5.8 ಗಿಗಾಹರ್ಟ್ಸ್ ತರಂಗದ ಮೇಲೆ ಹತ್ತಿಸಿ ಕಳುಹಿಸುವ ವಿಟಿಎಕ್ಸ್ ಎಂಬ ಚಿಕ್ಕ ಪಟ್ಟಿ, ಅದನ್ನು ಹಿಡಿದು ತೋರಿಸಲು ನನ್ನ ಮುಖದ ಮೇಲಿನ ಗಾಗಲ್ಸು. ನನ್ನ ಡ್ರೋನುಗಳೆಲ್ಲ 250 ಗ್ರಾಂ ಒಳಗಿನವು. 2021ರ ಡ್ರೋನ್ ನಿಯಮಗಳ ಪ್ರಕಾರ ನ್ಯಾನೋ ವರ್ಗಕ್ಕೆ ಸೇರಿದವು. ಕಣ್ಣು ಮುಚ್ಚಿಕೊಂಡವನಿಗೆ ಸುತ್ತಲಿನ ಆಕಾಶ ಕಾಣಿಸುವುದಿಲ್ಲವಾದ್ದರಿಂದ ತಮ್ಮನ ಮಗ ಪಕ್ಕದಲ್ಲಿ ನಿಂತು, "ದೊಡ್ಡಪ್ಪ, ಹದ್ದು ಬರ್ತಿದೆ, ಇಳಿಸಿ" ಎಂದು ಎಚ್ಚರಿಸುತ್ತಿರುತ್ತಾನೆ. ಈ ಏಳೆಂಟು ವರ್ಷಗಳಲ್ಲಿ ಡ್ರೋನುಗಳು ಬಂದವು, ಮುರಿದವು, ಒಂದರ ಮೋಟಾರು ಇನ್ನೊಂದರ ಕೈಗೆ ಸೇರಿತು. ಗಾಗಲ್ಸು ಮಾತ್ರ ಅದೇ: ಐದು ಇಂಚಿನ ಪರದೆ, ಅಡ್ಡಕ್ಕೆ 800 ಎತ್ತರಕ್ಕೆ 480 ಚುಕ್ಕಿ (ಪಿಕ್ಸೆಲ್), ಮುಂದೆ ಒಂದು ಭೂತಗನ್ನಡಿ, ಬೆವರು ಕುಡಿದು ಕುಡಿದು ಬಣ್ಣ ಮಾಸಿದ ಸ್ಪಂಜಿನ ಅಂಚು. ಅದನ್ನು ಬದಲಾಯಿಸಬೇಕೆ, ಬದಲಾಯಿಸುವುದಾದರೆ ಯಾವಾಗ ಎಂಬ ಪ್ರಶ್ನೆ ನನ್ನನ್ನು ಮೂರು ವರ್ಷಗಳಿಂದ ಕಾಡುತ್ತಿದೆ. ಮನೆ ಕಟ್ಟುವಾಗಲೂ ನಾನು ಇಷ್ಟು ದೀರ್ಘವಾಗಿ ಯೋಚಿಸಿರಲಿಲ್ಲವೆಂದು ನನ್ನ ಹೆಂಡತಿ ಹೇಳುತ್ತಾಳೆ. ಮನೆಯ ಆಯ ಸರಿಯಿಲ್ಲದಿರುವುದನ್ನು ನೋಡಿದರೆ ಅವಳ ಮಾತು ನಿಜವಿರಬೇಕು.

ನನ್ನದು ಅನಲಾಗ್ ಗಾಗಲ್ಸು. ಅದರ ಚಿತ್ರ ಹೇಗಿರುತ್ತದೆಂದು ನನ್ನ ವಯಸ್ಸಿನವರಿಗೆ ವಿವರಿಸಬೇಕಾಗಿಲ್ಲ, ದೂರದರ್ಶನದ ಕಾಲದಲ್ಲಿ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತ, "ಬಂತಾ? ಈಗ ಬಂತಾ?" ಎಂದು ಕೂಗಿದ ಪ್ರತಿಯೊಬ್ಬರಿಗೂ ಅದು ಗೊತ್ತು. ಈ ಹೋಲಿಕೆ ಬರಿಯ ಅಲಂಕಾರವೂ ಅಲ್ಲ. 1982ರಲ್ಲಿ ನಮ್ಮ ಟಿವಿಗೆ ಬಣ್ಣ ಬಂದಾಗ ದೂರದರ್ಶನ ಬಳಸಿದ ಪಾಲ್ (PAL) ಎಂಬ ಚಿತ್ರಪದ್ಧತಿಯನ್ನೇ ನನ್ನ ಡ್ರೋನಿನ ಹೆಬ್ಬೆರಳುಗಾತ್ರದ ಕ್ಯಾಮೆರಾ ಇಂದಿಗೂ ಬಳಸುತ್ತದೆ. ಸಂಕೇತ ಕ್ಷೀಣಿಸಿದಂತೆ ಮೊದಲು ಒಂದೆರಡು ಗೆರೆ, ಆಮೇಲೆ ಜಡಿಮಳೆಯಂತೆ ಚುಕ್ಕಿ, ಕೊನೆಗೆ ಬರಿ ಬೂದಿ. ಹಸಿ ತೆಂಗಿನ ಗರಿಯಲ್ಲಿರುವ ನೀರು ಈ ತರಂಗವನ್ನು ಹೀರಿಬಿಡುವುದರಿಂದ ತೋಟದೊಳಗೆ ನೂರೈವತ್ತು ಅಡಿ ಹೋಗುವಷ್ಟರಲ್ಲಿ ಚುಕ್ಕಿಗಳು ಇಣುಕತೊಡಗುತ್ತವೆ. ಅಂದು ಮಾಡಿನ ಮೇಲೆ ಆಂಟೆನಾ ತಿರುಗಿಸಿದ ಹುಡುಗ ಇಂದು ಅದನ್ನೇ ಹಣೆಗೆ ಸಿಕ್ಕಿಸಿಕೊಂಡು, ಚಿತ್ರ ಬರಲೆಂದು ತಲೆಯನ್ನೇ ತಿರುಗಿಸುತ್ತ ಕುಳಿತಿದ್ದಾನೆ.

ಆಂಟೆನಾದ ವಿಷಯ ಬಂದದ್ದರಿಂದ ಒಂದು ತಪ್ಪೊಪ್ಪಿಗೆಯನ್ನು ಇಲ್ಲಿಯೇ ಮುಗಿಸುತ್ತೇನೆ. ಈ ಆಂಟೆನಾಗಳು ಹೊರಡಿಸುವ ತರಂಗ ಸ್ಕ್ರೂವಿನ ಸುರುಳಿಯಂತೆ ಸುತ್ತುತ್ತ ಸಾಗುತ್ತದೆ. ಕೆಲವದರಲ್ಲಿ ಬಲಕ್ಕೆ, ಕೆಲವದರಲ್ಲಿ ಎಡಕ್ಕೆ. ಡ್ರೋನಿನದು ಬಲಸುತ್ತಾದರೆ ಗಾಗಲ್ಸಿನದೂ ಬಲಸುತ್ತೇ ಆಗಿರಬೇಕು, ಇಲ್ಲವಾದರೆ ಬರುವ ಸಂಕೇತದ ಬಹುಪಾಲು ಕೈಬಿಟ್ಟುಹೋಗುತ್ತದೆ. ಗಾಗಲ್ಸಿನ ಎರಡು ಆಂಟೆನಾಗಳಲ್ಲಿ ಒಂದು ಮುರಿದಾಗ ನಾನು ತರಿಸಿ ಹಾಕಿದ್ದು ಎಡಸುತ್ತಿನದು. ಎಂಟು ತಿಂಗಳ ಕಾಲ ಗಾಗಲ್ಸಿಗೆ ವಯಸ್ಸಾಯಿತೆಂದು ಎಲ್ಲರೆದುರು ದೂರಿದೆ, ಹೊಸದಕ್ಕಾಗಿ ಸಾಲ ಮಾಡಲೂ ಸಿದ್ಧನಾದೆ. ಒಂದು ಸಂಜೆ ಸ್ನೇಹಿತನೊಬ್ಬ ಆ ಆಂಟೆನಾವನ್ನು ತಿರುವಿ, ಬುಡದಲ್ಲಿದ್ದ ಅಕ್ಷರ ಓದಿ, ಏನೂ ಹೇಳದೆ ನನ್ನ ಮುಖ ನೋಡಿದ. ಕೆಲವು ನೂರು ರೂಪಾಯಿಯಲ್ಲಿ ಬಗೆಹರಿಯುವ ಸಂಗತಿಗೆ ನಾನು ಎಷ್ಟು ಸಾವಿರ ಕಳೆಯಲು ಹೊರಟಿದ್ದೆನೆಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಅದೇ ಸ್ನೇಹಿತನೇ ನನ್ನ ನೆಮ್ಮದಿಯನ್ನು ಕೆಡಿಸಿದವನೂ ಹೌದು. ಅವನು 2022ರಲ್ಲಿ ಬಂದ, ಡಿಜೆಐ ಎಂಬ ಚೀನೀ ಡ್ರೋನ್ ಕಂಪನಿಯ ಗಾಗಲ್ಸ್ 2 ಕೊಂಡಿದ್ದ. ಈಜುಗನ್ನಡಕದಷ್ಟೇ ಚಿಕ್ಕದಾಗಿ ಕಾಣುವ ಅದರೊಳಗೆ ಒಂದೊಂದು ಕಣ್ಣಿಗೂ ಬೇರೆ ಬೇರೆ ಪುಟ್ಟ ಪರದೆ. ಒಂದೊಂದರಲ್ಲೂ ನನ್ನ ಡಬ್ಬದಲ್ಲಿರುವುದರ ಐದು ಪಟ್ಟಿಗಿಂತ ಹೆಚ್ಚು ಚುಕ್ಕಿ. "ಸುಮ್ಮನೆ ಒಮ್ಮೆ ನೋಡು" ಎಂದು ಕೊಟ್ಟ. ತೆಂಗಿನ ಗರಿಯ ಒಂದೊಂದು ಎಸಳೂ ಬೇರೆಬೇರೆಯಾಗಿ ಅಲುಗಾಡುವುದು ಕಂಡಿತು, ಮಟ್ಟೆಯ ಸಂದಿನಲ್ಲಿ ಅಳಿಲು ಕಟ್ಟಿದ್ದ ಗೂಡು ಕಂಡಿತು, ನೆರೆಯವರ ತೋಟದಲ್ಲಿ ಒಣಹಾಕಿದ್ದ ಪಂಚೆಯ ಅಂಚಿನ ಬಣ್ಣವೂ ಕಂಡಿತು. ಕಣ್ಣಿನ ಎರಡು ಪಾಪೆಗಳ ನಡುವಿನ ಅಂತರಕ್ಕೆ ತಕ್ಕಂತೆ ಮಸೂರಗಳನ್ನು ಅತ್ತಿತ್ತ ಸರಿಸುವ ಗುಂಡಿಗಳಿದ್ದವು. ಕಣ್ಣಿನ ನಂಬರಿಗೆ ಹೊಂದಿಸುವ ತಿರುಪೂ ಇತ್ತು. ನಾನು ಮರಳಿ ನನ್ನ ಡಬ್ಬಕ್ಕೆ ಮುಖವಿಟ್ಟಾಗ ತೋಟವೆಲ್ಲ ಮಜ್ಜಿಗೆಯಲ್ಲಿ ಅದ್ದಿ ತೆಗೆದಂತೆ ಕಂಡಿತು. ಹಿಂದಿನ ದಿನದವರೆಗೆ ಅದೇ ಚಿತ್ರ ನನಗೆ ಸಾಕಾಗಿತ್ತು.

ಹಾಗಾದರೆ ಕೊಂಡುಬಿಡಬಹುದಲ್ಲ ಎಂದರೆ, ಇಲ್ಲಿಯೇ ಲೆಕ್ಕ ಸಿಕ್ಕುಬೀಳುವುದು. ಅನಲಾಗ್ ಪ್ರಪಂಚದಲ್ಲಿ ಯಾರ ಕ್ಯಾಮೆರಾ, ಯಾರ ವಿಟಿಎಕ್ಸ್, ಯಾರ ಗಾಗಲ್ಸು ಎಂಬ ಭೇದವಿಲ್ಲ. ಎಲ್ಲವೂ ಎಲ್ಲದರೊಡನೆ ಮಾತನಾಡುತ್ತವೆ. ಡಿಜಿಟಲ್ ಪ್ರಪಂಚದಲ್ಲಿ ಡಿಜೆಐ, ಎಚ್‌ಡಿಜೀರೋ, ವಾಕ್‌ಸ್ನೇಲ್ ಎಂಬ ಮನೆತನಗಳಿದ್ದು, ಒಂದರ ಚಿತ್ರವನ್ನು ಇನ್ನೊಂದು ಓದುವುದಿಲ್ಲ. ಮನೆತನದೊಳಗೂ ತಲೆಮಾರಿನ ತಕರಾರುಗಳಿವೆ: 2019ರಲ್ಲಿ ಬಂದ ಡಿಜೆಐನ ಡಿಜಿಟಲ್ ಎಫ್‌ಪಿವಿ ಗಾಗಲ್ಸಿಗೆ 2022ರ ಓ3 ಏರ್ ಯೂನಿಟ್ ಎಂಬ ಕ್ಯಾಮೆರಾ-ವಿಟಿಎಕ್ಸ್ ಜೋಡಿಯ ಚಿತ್ರ ದಕ್ಕಲಿಲ್ಲ. ಹೀಗಾಗಿ ಗಾಗಲ್ಸು ಬದಲಾಯಿಸುವುದೆಂದರೆ ಮನೆಯ ಮುಂಬಾಗಿಲನ್ನು ಬದಲಾಯಿಸಿದಂತೆ ಒಂದೇ ಖರ್ಚಿನಲ್ಲಿ ಮುಗಿಯುವ ಕೆಲಸವಲ್ಲ. ಸೊಸೆ ಬಂದ ಮೇಲೆ ಅಡಿಗೆಮನೆಯ ಪಾತ್ರೆಗಳೆಲ್ಲ ಒಂದೊಂದಾಗಿ ಬದಲಾದಂತೆ, ನನ್ನ ಆರು ಡ್ರೋನುಗಳ ಕ್ಯಾಮೆರಾ ಮತ್ತು ವಿಟಿಎಕ್ಸ್‌ಗಳೂ ಬದಲಾಗಬೇಕು. ಡ್ರೋನನ್ನು ಹಾಗೆ ಬಿಟ್ಟು ಗಾಗಲ್ಸು ಮಾತ್ರ ಉತ್ತಮವಾದದ್ದನ್ನು ಕೊಂಡರೂ ಪ್ರಯೋಜನ ಅಷ್ಟಕ್ಕಷ್ಟೆ. ಬೆಳ್ಳಿ ಲೋಟಕ್ಕೆ ಸುರಿದ ಮಾತ್ರಕ್ಕೆ ನೀರುಮಜ್ಜಿಗೆ ಗಟ್ಟಿಯಾಗುವುದಿಲ್ಲ. ಇದರ ಮೇಲೆ, 2022ರ ಫೆಬ್ರವರಿಯಲ್ಲಿ ಸರಕಾರ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿ ಬಿಡಿಭಾಗಗಳಿಗೆ ಮಾತ್ರ ದಾರಿ ಬಿಟ್ಟ ನಂತರ ಈ ಹವ್ಯಾಸದವರೆಲ್ಲ ಬಿಡಿಭಾಗ ಮಾರುವ ಚಿಕ್ಕ ಚಿಕ್ಕ ಅಂಗಡಿಗಳನ್ನೇ ನಂಬಿದ್ದೇವೆ. ಅವರಲ್ಲಿ ಮಾಲು ಬಂದ ದಿನವೇ ಹಬ್ಬ, ಹೇಳಿದ್ದೇ ಬೆಲೆ.

ಕಾಯೋಣವೆಂದರೆ ಕಾಯುವುದಕ್ಕೂ ಕೊನೆಯಿಲ್ಲ. ಗಾಗಲ್ಸ್ 2ರ ಬೆಲೆ ಇಳಿಯಲೆಂದು ಕಾದೆ; 2024ರ ಏಪ್ರಿಲಿನಲ್ಲಿ ಗಾಗಲ್ಸ್ 3 ಬಂತು. ಅದನ್ನು ಕೊಳ್ಳುವ ಬಗ್ಗೆ ಮನಸ್ಸು ಮಾಡುವಷ್ಟರಲ್ಲಿ ಅದೇ ವರ್ಷದ ನವೆಂಬರಿನಲ್ಲಿ ಎನ್3 ಎಂಬ ಅಗ್ಗದ ಮಾದರಿ ಬಂತು. ಕನ್ನಡಕ ಹಾಕಿಕೊಂಡೇ ತೊಡಬಹುದಾದ ಅದು ಆಕಾರದಲ್ಲಿ ಮತ್ತೆ ನನ್ನ ಡಬ್ಬದ ಕುಲಕ್ಕೇ ಸೇರಿದ್ದು ಎಂಬುದು ಬೇರೆ ಮಾತು. ಇನ್ನೂ ಒಳ್ಳೆಯ ಸಂಬಂಧ ಬರಬಹುದೆಂದು ಒಂದೊಂದೇ ಜಾತಕವನ್ನು ಹಿಂದಿರುಗಿಸುತ್ತ ಮಗಳನ್ನು ಮನೆಯಲ್ಲಿಟ್ಟುಕೊಂಡ ತಂದೆಯೊಬ್ಬರು ನಮ್ಮ ಬೀದಿಯಲ್ಲಿದ್ದರು. ಆ ಕಾಲದಲ್ಲಿ ಅವರನ್ನು ಟೀಕಿಸಿದವರಲ್ಲಿ ನಾನೂ ಒಬ್ಬ.

ಕೊನೆಗೆ ಒಂದು ಮಳೆಗಾಲದ ಭಾನುವಾರ, ಹಾರಿಸಲಾಗದ ಬೇಸರಕ್ಕೆ, ಪ್ರಶ್ನೆಯನ್ನು ತಿರುಗಿಸಿ ಹಾಕಿ ನೋಡಿದೆ. ನನ್ನ ಗಾಗಲ್ಸು ತಾನು ತೋರಿಸಿದ್ದನ್ನೆಲ್ಲ ಒಂದು ಮೆಮೊರಿ ಕಾರ್ಡಿನಲ್ಲಿ ಮುದ್ರಿಸಿಕೊಳ್ಳುತ್ತದೆ. ಎರಡು ವರ್ಷಗಳ ಮುದ್ರಿಕೆಗಳನ್ನು ಹರವಿಕೊಂಡು, ಡ್ರೋನು ಬಿದ್ದ ಪ್ರತಿಯೊಂದು ಸಂದರ್ಭದಲ್ಲೂ ಚಿತ್ರವನ್ನು ನಿಲ್ಲಿಸಿ, ಬಡಿದ ಕೊಂಬೆ ಬಡಿಯುವ ಮೊದಲು ಪರದೆಯಲ್ಲಿ ಕಾಣುತ್ತಿತ್ತೇ ಎಂದು ಹಳೆಯ ಡೈರಿಯೊಂದರಲ್ಲಿ ಗುರುತು ಹಾಕುತ್ತ ಹೋದೆ. ಒಟ್ಟು ಮೂವತ್ತೊಂದು ಪತನಗಳು. ಅವುಗಳಲ್ಲಿ ಇಪ್ಪತ್ತೆರಡರಲ್ಲಿ ಮರ ಸ್ಪಷ್ಟವಾಗಿ ಕಾಣುತ್ತಿತ್ತು, ನಾನೇ ಅದರೆಡೆಗೆ ಹೋಗಿದ್ದೆ. ನಾಲ್ಕರಲ್ಲಿ ಬ್ಯಾಟರಿ ಬರಿದಾಗುತ್ತಿರುವುದನ್ನು ಮೂಲೆಯ ಅಂಕಿ ಸಾರಿ ಸಾರಿ ಹೇಳಿತ್ತು. ಒಂದು ಹದ್ದಿನ ಪಾಲು. ಉಳಿದ ನಾಲ್ಕರಲ್ಲಿ ಮಾತ್ರ ಚಿತ್ರ ಚುಕ್ಕಿಯಾಗಿ ಕೈಕೊಟ್ಟಿತ್ತು. ಅದರಲ್ಲೂ ಮೂರು ಸಲ ನಾನು ಪಂಪ್‌ಹೌಸಿನ ಕಾಂಕ್ರೀಟ್ ಗೋಡೆಯ ಹಿಂದಕ್ಕೆ ಹೋಗಿದ್ದೆ, ಅಲ್ಲಿ ಡಿಜಿಟಲ್ ಚಿತ್ರವೂ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಗಾಗಲ್ಸಿನ ಲೆಕ್ಕಕ್ಕೆ ನ್ಯಾಯವಾಗಿ ಬರೆಯಬಹುದಾದದ್ದು ಒಂದೇ ಒಂದು ಪತನ. ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಹತ್ತಕ್ಕೆ ಎಂಟು ಅಂಕ ಪಡೆದವನು ನಾನು.

ಚಿತ್ರ ತಡವಾಗಿ ತಲುಪುವುದರ ಬಗ್ಗೆಯೂ ನನಗೆ ಒಂದು ನೆಪವಿತ್ತು, ಅದೂ ಉಳಿಯಲಿಲ್ಲ. ಸಾಮಾನ್ಯವಾಗಿ ಅನಲಾಗಿಗಿಂತ ಹೆಚ್ಚು ತಡ ಮಾಡುವ 2019ರ ಆ ಡಿಜಿಟಲ್ ವ್ಯವಸ್ಥೆಯಲ್ಲೂ ತಡ 28 ಮಿಲಿಸೆಕೆಂಡಿನೊಳಗೆ ಎಂದು ತಯಾರಕರೇ ಹೇಳಿಕೊಂಡಿದ್ದರು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಪಂದ್ಯ ಹಾರಿಸುವವನ ಡ್ರೋನು ಅಷ್ಟರೊಳಗೆ ಎರಡೂವರೆ ಅಡಿ ಮುಂದೆ ಹೋಗಿರುತ್ತದೆ. ಅವನಿಗೆ ಅದು ಚಿಂತೆಯ ವಿಷಯವೇ. ನಾನು ತೋಟದಲ್ಲಿ ಹಾರಿಸುವ 40 ಕಿಲೋಮೀಟರ್ ವೇಗಕ್ಕೆ ಅದು ಒಂದು ಅಡಿ. ಮೂವತ್ತು ಅಡಿಗೊಂದರಂತೆ ನೆಟ್ಟ ಸಾಲಿನಲ್ಲಿ ಒಂದು ಅಡಿಯ ನೆಪದಿಂದ ಮರಕ್ಕೆ ಗುದ್ದಿದೆನೆಂದರೆ ತಮ್ಮನ ಮಗನೂ ನಂಬುವುದಿಲ್ಲ.

ಚಿತ್ರ ಮಂಜಾಗಿರುವುದಂತೂ ನಿಜವಲ್ಲವೇ ಎಂದು ಕೊನೆಯ ಆಸರೆ ಹಿಡಿದೆ. ಆ ವಾರವೇ ರೇಷನ್ ಕಾರ್ಡಿನ ಅರ್ಜಿ ಓದಲು ಹೋಗಿ ಅದನ್ನು ಮಾರುದೂರ ಹಿಡಿದುಕೊಂಡದ್ದನ್ನು ನೋಡಿದ ಹೆಂಡತಿ, "ರೀ, ನಿಮಗೆ ಚಾಳೀಸು ಬಂದಿದೆ" ಎಂದಳು. ಪರೀಕ್ಷೆ ಮಾಡಿದ ವೈದ್ಯರೂ ಅದನ್ನೇ ಹೇಳಿದರು. ಗಾಗಲ್ಸಿನ ಪರದೆ ಕಣ್ಣಿಗೆ ಅಂಗೈಯಷ್ಟು ಹತ್ತಿರದಲ್ಲಿದ್ದು, ಮುಂದಿನ ಭೂತಗನ್ನಡಿ ಅದನ್ನು ಒಂದಿಷ್ಟು ದೂರಕ್ಕೆ ತಳ್ಳಿ ತೋರಿಸುತ್ತದೆ. ಆ ದೂರವನ್ನು ಹಿಡಿಯುವ ಕಸುವು ನನ್ನ ಕಣ್ಣಿಗೆ ಮೊದಲು ಇತ್ತು, ಈಗ ಇಲ್ಲ. ಓದುವ ಕನ್ನಡಕವನ್ನು ಹಾಕಿಕೊಂಡು ಅದರ ಮೇಲೆ ಡಬ್ಬವನ್ನು ಕಟ್ಟಿಕೊಂಡೆ. ಐದು ಪಟ್ಟು ಚುಕ್ಕಿ ಬರಲಿಲ್ಲ, ಆದರೆ ಇದ್ದ ಚುಕ್ಕಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕುಳಿತವು. ಕಿವಿಯ ಹಿಂದೆ ಕನ್ನಡಕದ ಕಡ್ಡಿಯೂ ಡಬ್ಬದ ಪಟ್ಟಿಯೂ ಒಂದನ್ನೊಂದು ಒತ್ತಿ ಅರ್ಧ ಗಂಟೆಯಲ್ಲಿ ತಲೆ ನೋಯುತ್ತದೆ ಎಂಬುದನ್ನು ಸತ್ಯದ ದೃಷ್ಟಿಯಿಂದ ಹೇಳಬೇಕು. ನನ್ನ ಪಾಲಿಗೆ ಹೊಸ ಗಾಗಲ್ಸಿನ ಪರವಾಗಿ ಉಳಿದಿರುವ ಗಟ್ಟಿಯಾದ ವಾದ ಈ ತಲೆನೋವು. ನಂಬರು ಹೊಂದಿಸುವ ಆ ತಿರುಪಿಗಾಗಿ ನಾನು ಹಣ ಕೊಟ್ಟೇನು, ಅಳಿಲಿನ ಗೂಡಿಗಾಗಿ ಕೊಡಲಾರೆ.

ಆದ್ದರಿಂದ ಸದ್ಯಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಆಗ ಇದ್ದ ಆರು ಅನಲಾಗ್ ಡ್ರೋನುಗಳಲ್ಲಿ ಕೊನೆಯದು ರಿಪೇರಿಗೆ ನಿಲುಕದಂತೆ ಮುರಿದ ದಿನ ಹೊಸ ಗಾಗಲ್ಸು ಕೊಳ್ಳುವುದು; ಆಗ ಮರುಖರ್ಚಿನ ಪ್ರಶ್ನೆಯೇ ಏಳುವುದಿಲ್ಲ. ಈಗ ನಾಲ್ಕು ಉಳಿದಿವೆ. ಈ ಒಪ್ಪಂದದಲ್ಲಿ ಒಂದು ದೋಷವಿದೆ: ಬೀಳುವ ಪ್ರತಿ ಡ್ರೋನೂ ನನ್ನನ್ನು ಹೊಸ ಗಾಗಲ್ಸಿನತ್ತ ಒಂದು ಹೆಜ್ಜೆ ತಳ್ಳುವುದರಿಂದ, ಇಕ್ಕಟ್ಟಾದ ಗರಿಗಳ ನಡುವೆ ನುಗ್ಗುವಾಗ ಮೊದಲಿನಷ್ಟು ಹಿಂಜರಿಕೆಯಾಗುತ್ತಿಲ್ಲ. ತಮ್ಮನ ಮಗನಿಗೆ ಇದು ತಿಳಿದುಹೋಗಿದೆ ಎಂದು ಕಾಣುತ್ತದೆ. ಡ್ರೋನು ಬಿದ್ದಾಗಲೆಲ್ಲ ಅವನು ಬೆರಳು ಮಡಚುತ್ತಾನೆ.

ಹೋದ ತಿಂಗಳು ಅಮ್ಮ ತೋಟಕ್ಕೆ ಬಂದಿದ್ದಳು. ಅವಳಿಗೆ ಎಪ್ಪತ್ತಾರು ವರ್ಷ. ಪೊರೆ ಆಪರೇಷನ್ ನಿಜವಾಗಿ ಆಗಿರುವುದು ಅವಳಿಗೆ. ಅನಲಾಗ್ ಚಿತ್ರ ರೇಡಿಯೋದ ಹಾಗೆ, ಅದೇ ಚಾನೆಲಿಗೆ ತಿರುಗಿಸಿದ ಯಾರು ಬೇಕಾದರೂ ನೋಡಬಹುದು. ತಮ್ಮನ ಮಗ ತನ್ನ ಅಗ್ಗದ ಡಬ್ಬವನ್ನು ಅಜ್ಜಿಯ ಕನ್ನಡಕದ ಮೇಲೆಯೇ ಹಿಡಿದು ಕೂರಿಸಿದ. ತಾನು ಮದುವೆಯಾಗಿ ಬಂದ ವರ್ಷ ನೆಟ್ಟ ಸಸಿಗಳ ನೆತ್ತಿಯನ್ನು ಅವಳು ಮೇಲಿನಿಂದ ನೋಡಿದ್ದು ಅದೇ ಮೊದಲು. ಗರಿಗಳ ಮೇಲೆ ಒಂದು ಸುತ್ತು ಬಂದು, ಬೇಲಿಯ ಮೂಲೆಯಲ್ಲಿ ತಿರುಗಿ, ಚುಕ್ಕಿ ಬೀಳತೊಡಗಿದ್ದರಿಂದ ಹಿಂದಿರುಗುತ್ತಿದ್ದೆ. ಚಿತ್ರ ಇನ್ನೂ ಸ್ವಲ್ಪ ಸ್ಪಷ್ಟವಾಗಿದ್ದರೆ ಅವಳಿಗೆ ತೋಟ ಚೆನ್ನಾಗಿ ಕಾಣುತ್ತಿತ್ತಲ್ಲ ಎಂದು ನಾನು ಒಳಗೊಳಗೇ ಕೊರಗುತ್ತಿರುವಾಗ ಅಮ್ಮ, "ನಿಲ್ಲೋ, ವಾಪಸ್ ಹೋಗು. ಆ ಮೂಲೆ ಮರದ ಸುಳಿ ಹಳದಿ ತಿರುಗೈತಲ್ಲ, ನೀನು ನೋಡ್ಲಿಲ್ವಾ?" ಎಂದಳು.

ಆ ಮರದ ಮೇಲೆ ನಾನು ಆ ತಿಂಗಳಲ್ಲಿ ಇಪ್ಪತ್ತು ಸಲವಾದರೂ ಹಾದುಹೋಗಿದ್ದೆ. ಹಿಂದಿರುಗಿ, ಚುಕ್ಕಿಗಳ ಮಧ್ಯೆಯೇ ಅದರ ನೆತ್ತಿಯ ಮೇಲೆ ಡ್ರೋನನ್ನು ನಿಲ್ಲಿಸಿದೆ. ನಡುವಿನ ಎಳೆಗರಿ ಬಣ್ಣಗೆಟ್ಟು ಒಂದು ಪಕ್ಕಕ್ಕೆ ವಾಲಿತ್ತು. "ಸುಳಿ ಕೊಳೀತಾ ಇದೆ. ಇವತ್ತೇ ಮರ ಹತ್ತೋರನ್ನ ಕರೆಸಿ, ಬೋರ್ಡೋ ಮುಲಾಮು ಹಚ್ಚಿಸು" ಎಂದಳು ಅಮ್ಮ, ಡಬ್ಬವನ್ನು ಮುಖದಿಂದ ತೆಗೆಯದೆ. ಬ್ಯಾಟರಿ 3.5 ವೋಲ್ಟಿಗೆ ಇಳಿದಿತ್ತು. ಡ್ರೋನನ್ನು ಬದುವಿನ ಮೇಲೆ ಇಳಿಸಿ, ನನ್ನ ಡಬ್ಬವನ್ನು ಹಣೆಗೆ ಏರಿಸಿಕೊಂಡು, ಫೋನಿನಲ್ಲಿ ಮರ ಹತ್ತುವವನ ನಂಬರು ಹುಡುಕತೊಡಗಿದೆ.