ಜಡ್ಜ್‌ಗಳ ಮೇಲಿನ ದೂರು: ವಿಚಾರಿಸಲು ಹೊರಗಿನ ಆಯೋಗ ಬೇಕೇ?

ಪರ: ತಮ್ಮವರನ್ನು ತಾವೇ ವಿಚಾರಿಸಿಕೊಂಡಿದ್ದು ಸಾಕು

ತಾಲ್ಲೂಕು ಕೋರ್ಟಿನ ಸಿವಿಲ್ ಜಡ್ಜ್ ಲಂಚ ಮುಟ್ಟಿದರು ಅಂತ ದೂರು ಹೋದರೆ ಹೈಕೋರ್ಟ್ ವಿಚಾರಿಸುತ್ತದೆ. ಅಮಾನತು ಮಾಡಬಹುದು, ಬಡ್ತಿ ತಡೆಯಬಹುದು, ಕಡ್ಡಾಯ ನಿವೃತ್ತಿ ಕೊಟ್ಟು ಮನೆಗೆ ಕಳಿಸಬಹುದು. ಅದೇ ದೂರು ಹೈಕೋರ್ಟ್ ನ್ಯಾಯಮೂರ್ತಿಯ ಮೇಲೇ ಬಂದರೆ? ಅಮಾನತಿಲ್ಲ, ದಂಡವಿಲ್ಲ. ಸಂವಿಧಾನದಲ್ಲಿರುವುದು ಒಂದೇ ಮದ್ದು, ಸಂಸತ್ತಿನಲ್ಲಿ ಪದಚ್ಯುತಿ. ಅದಕ್ಕೆ ಲೋಕಸಭೆಯ 100 ಇಲ್ಲವೇ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಬೇಕು. ಮೂವರ ಸಮಿತಿ ಆರೋಪ ನಿಜ ಅನ್ನಬೇಕು. ಆಮೇಲೆ ಎರಡೂ ಸದನಗಳಲ್ಲಿ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಮತ ಬೀಳಬೇಕು, ಅದು ಸದನದ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚೂ ಇರಬೇಕು. ಸಂವಿಧಾನ ಬಂದ ಮೊದಲ 75 ವರ್ಷಗಳಲ್ಲಿ ಈ ದಾರಿಯಲ್ಲಿ ಕೆಲಸ ಕಳೆದುಕೊಂಡ ಜಡ್ಜ್ ಒಬ್ಬರೂ ಇಲ್ಲ. ಅಷ್ಟು ವರ್ಷ ಎಲ್ಲರೂ ಸಾಚಾ ಆಗಿದ್ದರಾ?

1993ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿಷಯ ಲೋಕಸಭೆಗೆ ಬಂತು. ಪಂಜಾಬ್-ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಬಂಗಲೆಯ ಪೀಠೋಪಕರಣಗಳಿಗೆ ಸರ್ಕಾರದ ದುಡ್ಡನ್ನು ಲೆಕ್ಕವಿಲ್ಲದೆ ಸುರಿದರು ಅನ್ನುವುದು ಆರೋಪಗಳಲ್ಲೊಂದು. ಸಮಿತಿ ತಪ್ಪಿದೆ ಎಂದಿತ್ತು. ನಿರ್ಣಯದ ಪರ 196 ಮತ, ವಿರುದ್ಧ ಒಂದೂ ಇಲ್ಲ. ಆದರೂ ಬಿದ್ದುಹೋಯಿತು. ಆಳುವ ಕಾಂಗ್ರೆಸ್ಸಿನವರು ಮತ ಹಾಕದೆ ಸುಮ್ನೆ ಕೂತರು, ಅಷ್ಟೆ.

ನಮ್ಮ ರಾಜ್ಯದ ಕಥೆಯೇ ಇದೆಯಲ್ಲ. 2009ರಲ್ಲಿ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಮೇಲೆ ತಮಿಳುನಾಡಿನ ಕಾವೇರಿರಾಜಪುರಂನಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿದ ಆರೋಪ ಬಂತು. ಅವರು ಅದನ್ನು ಒಪ್ಪಲಿಲ್ಲ. ಬೆಂಗಳೂರಿನ ವಕೀಲರು ಕಲಾಪ ಬಹಿಷ್ಕರಿಸಿದರು, ಕೋರ್ಟ್ ಹಾಲ್ ಒಳಗೇ ಗಲಾಟೆಯಾಯಿತು. ಕೊನೆಗೆ ಅವರನ್ನು ಸಿಕ್ಕಿಂಗೆ ಕಳಿಸಿದರು. ಬೆಂಗಳೂರಿಗೆ ಬೇಡವಾದವರು ಗ್ಯಾಂಗ್ಟಕ್‌ಗೆ ಹೇಗೆ ಸರಿಹೋಗುತ್ತಾರೆ? 2011ರಲ್ಲಿ ರಾಜೀನಾಮೆ ಕೊಟ್ಟರು, ಪದಚ್ಯುತಿಗಾಗಿ ನೇಮಿಸಿದ್ದ ಮೂವರ ಸಮಿತಿಯ ವಿಚಾರಣೆ ಅಲ್ಲಿಗೇ ನಿಂತಿತು. ಭೂಮಿ ಒತ್ತುವರಿ ನಿಜವೋ ಸುಳ್ಳೋ, ಆ ಸಮಿತಿಯಿಂದ ಉತ್ತರ ಬರಲೇ ಇಲ್ಲ. ನಿರಪರಾಧಿಯಾಗಿದ್ದರೆ ಅವರಿಗೂ ಇದು ಅನ್ಯಾಯವೇ ಅಲ್ವಾ?

1999ರಿಂದ ಸುಪ್ರೀಂ ಕೋರ್ಟಿನ ಆಂತರಿಕ ವಿಚಾರಣೆ ಪದ್ಧತಿಯೂ ಇದೆ. ದೂರು ಯಾರ ಮೇಲೆ? ಜಡ್ಜ್ ಮೇಲೆ. ವಿಚಾರಿಸುವವರು? ಜಡ್ಜ್‌ಗಳು. ವರದಿ ಹೋಗುವುದು? ಮುಖ್ಯ ನ್ಯಾಯಮೂರ್ತಿಗೆ. ದೂರು ಕೊಟ್ಟವನ ಕೈಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಎಚ್ಚರಿಕೆ ಕೊಡುವ, ಕೆಲಸದಿಂದ ದೂರವಿಡುವ, ಕಾರಣ ಬರೆದು ಪ್ರಕಟಿಸುವ ಅಧಿಕಾರವುಳ್ಳ ಆಯೋಗ ಬೇಕು. ಅಲ್ಲಿ ಜಡ್ಜ್ ಅಲ್ಲದವರೂ ಇರಬೇಕು. 2025ರ ಮಾರ್ಚ್‌ನಲ್ಲಿ, ಮನೆಯಲ್ಲಿ ಸುಟ್ಟ ನೋಟು ಸಿಕ್ಕಿದ ಆರೋಪ ಹೊತ್ತ ದೆಹಲಿಯ ನ್ಯಾಯಮೂರ್ತಿಯನ್ನು ಅಲಹಾಬಾದಿಗೆ ಕಳಿಸಹೊರಟಾಗ ಅಲ್ಲಿನ ವಕೀಲರ ಸಂಘ, ನಮ್ಮ ಕೋರ್ಟ್ ಕಸದ ಬುಟ್ಟಿಯಲ್ಲ ಎಂದಿತು. ಸಿಕ್ಕಿಂನವರೂ ಅದನ್ನೇ ಹೇಳಬಹುದಿತ್ತು.

ವಿರೋಧ: ಆ ಆಯೋಗದ ಕುರ್ಚಿಯಲ್ಲಿ ಕೂರುವವರು ಯಾರು?

ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಸಾಯುವ ಮೊದಲು ಸೋತವನು ಇನ್ನೊಂದು ಮಾತು ಹೇಳಿರುತ್ತಾನೆ: "ಜಡ್ಜ್ ದುಡ್ಡು ತಿಂದ." ಪಾಲಿನ ದಾವೆಯಲ್ಲಿ ಡಿಕ್ರಿಯಾದ ದಿನ ಕೋರ್ಟ್ ಎದುರಿನ ಟೀ ಅಂಗಡಿಯಲ್ಲಿ ಕೂತು ನೋಡಿ. ಅಣ್ಣನ ಬೆಂಚಿನಲ್ಲಿ ಜಡ್ಜ್ ದೇವರಂಥ ಮನುಷ್ಯ. ತಮ್ಮನ ಬೆಂಚಿನಲ್ಲಿ ಅದೇ ಜಡ್ಜ್‌ಗೆ ಎಷ್ಟು ಲಕ್ಷ ಮುಟ್ಟಿತು ಅನ್ನುವ ಲೆಕ್ಕ. ತೀರ್ಪು ತಪ್ಪಾದರೆ ಅಪೀಲಿದೆ. ಆದರೆ ಆಯೋಗದ ಬಾಗಿಲು ತೆರೆದರೆ ಮೊದಲು ಬರುವುದು ಈ ತಮ್ಮಂದಿರ ಅರ್ಜಿಗಳು, ಮೂಟೆಗಟ್ಟಲೆ.

ಅದಕ್ಕಿಂತ ಜಾಸ್ತಿ ಹೆದರಿಕೆ ಸರ್ಕಾರದ್ದು. ದೇಶದ ಅತಿ ದೊಡ್ಡ ಕಕ್ಷಿದಾರ ಅದೇ ತಾನೇ? ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಪ್ರಕರಣ ನೆನಪಿಸಿಕೊಳ್ಳಿ. 1973ರ ಏಪ್ರಿಲ್ 24ರಂದು ತೀರ್ಪು ಬಂತು: ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಮುಟ್ಟುವಂತಿಲ್ಲ. ಮರುದಿನವೇ ಸರ್ಕಾರ ಸುಪ್ರೀಂ ಕೋರ್ಟಿನ ಹಿರಿಯ ನ್ಯಾಯಮೂರ್ತಿಗಳಾದ ಜೆ.ಎಂ. ಶೆಲಟ್, ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಹಿರಿಯರನ್ನು ಬಿಟ್ಟದ್ದಕ್ಕೆ ಸರ್ಕಾರ ನೆಪ ಹುಡುಕಬೇಕಾಯಿತು. ಇವರ ಮೇಲೆ ಆಯೋಗದಲ್ಲಿ ದೂರು ಬಾಕಿಯಿದೆ ಅನ್ನುವಂತಿದ್ದರೆ ಆ ಕಷ್ಟವೂ ಇರುತ್ತಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, 16 ಹೈಕೋರ್ಟ್ ಜಡ್ಜ್‌ಗಳನ್ನು ಎತ್ತಂಗಡಿ ಮಾಡಿದರು. ನಮ್ಮ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೆ ಕಳಿಸಿದ್ದು ಆಗಲೇ.

ಆಯೋಗದ ಸದಸ್ಯರನ್ನು ಸರ್ಕಾರ ಆರಿಸಿದರೆ ಇದೇ ಪಾಡು. ನಿವೃತ್ತ ಜಡ್ಜ್‌ಗಳನ್ನು ಕೂರಿಸಿದರೆ ಮತ್ತೆ ಅದೇ ಮನೆ.

ಒಳಗಿನ ವ್ಯವಸ್ಥೆ ಕೆಲಸವನ್ನೇ ಮಾಡುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನ ಒಂದು ಬಡಾವಣೆಯನ್ನು ಪಾಕಿಸ್ತಾನ ಎಂದು ಕರೆದ ವಿಡಿಯೊ ಹರಿದಾಡಿತು. ಸುಪ್ರೀಂ ಕೋರ್ಟಿನ ಐವರ ಪೀಠ ತಾನಾಗಿಯೇ ಕೈಗೆತ್ತಿಕೊಂಡಿತು. ಮರುದಿನವೇ ಅವರು ತೆರೆದ ಕೋರ್ಟಿನಲ್ಲಿ ವಿಷಾದ ಹೇಳಿದರು. ಐದು ದಿನದಲ್ಲಿ ಮುಗಿಯಿತು. ಆಯೋಗವಾಗಿದ್ದರೆ ಐದು ದಿನದಲ್ಲಿ ನೋಟಿಸಾದರೂ ಹೋಗುತ್ತಿತ್ತೋ ಇಲ್ಲವೋ.

ಗುಟ್ಟಿನ ವಿಷಯದಲ್ಲಿ ಮಾತ್ರ ಎದುರಿನವರ ಮಾತು ಒಪ್ಪುತ್ತೇನೆ. ಆದರೆ ಆ ಗೋಡೆಯೂ ಬಿರುಕು ಬಿಟ್ಟಿದೆ. ಸುಟ್ಟ ನೋಟಿನ ವಿಡಿಯೊವನ್ನು ಸುಪ್ರೀಂ ಕೋರ್ಟೇ ತನ್ನ ವೆಬ್‌ಸೈಟಿಗೆ ಹಾಕಿತು. ಅದೇ ಪ್ರಕರಣ ವಿಚಾರಿಸಲು 2025ರ ಆಗಸ್ಟ್‌ನಲ್ಲಿ ಲೋಕಸಭಾಧ್ಯಕ್ಷರು ನೇಮಿಸಿದ ಮೂವರ ಸಮಿತಿಯಲ್ಲಿ ಕರ್ನಾಟಕದ ಹಿರಿಯ ವಕೀಲ ಬಿ.ವಿ. ಆಚಾರ್ಯ ಇದ್ದರು. ಜಡ್ಜ್ ಅಲ್ಲದವರಿಗೆ, ಪದಚ್ಯುತಿಯ ವಿಚಾರಣೆ ಹೇಗೆಂದು ಹೇಳುವ 1968ರ ಕಾಯ್ದೆಯಲ್ಲೇ ಒಂದು ಕುರ್ಚಿ ಇದೆ. ಇನ್ನು ದಿನಕರನ್ ಪ್ರಕರಣದ ಗೋಳಿಗೆ ಅದೇ ಕಾಯ್ದೆಗೆ ಒಂದು ಸಾಲು ಸೇರಿಸಿದರೆ ಸಾಕು: ರಾಜೀನಾಮೆ ಕೊಟ್ಟರೂ ವಿಚಾರಣೆ ನಿಲ್ಲುವುದಿಲ್ಲ ಅಂತ.