ಶಿಬಿರ ಮುಗೀತು ಅಂತ ಬೀರುಗೆ ಬೀಗ ಹಾಕ್ಬೇಡಿ

ನಮ್ಮ ಪಂಚಾಯಿತಿ ಲೈಬ್ರರಿಯಲ್ಲಿ ಈ ಸಲ ಮಕ್ಕಳ ಬೇಸಿಗೆ ಶಿಬಿರ ಚೆನ್ನಾಗೇ ಆಯ್ತು, ಅದನ್ನ ಮೊದಲೇ ಹೇಳಿಬಿಡ್ತೀನಿ. ಪೇಪರಿನಲ್ಲಿ ಟೋಪಿ ಮಾಡಿದ್ರು, ಚಿತ್ರ ಬರೆದ್ರು, ಒಬ್ಬೊಬ್ಬರನ್ನೇ ನಿಲ್ಲಿಸಿ ಕಥೆ ಓದಿಸಿದ್ರು. ನನ್ನ ತಕರಾರು ಇರೋದು ಆಮೇಲಿಂದು. ಶಿಬಿರ ನಡೆದದ್ದು ಒಂದು ವಾರ, ಶಾಲೆಗೆ ರಜೆ ಇರೋದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ. ಸಮಾರೋಪ ಆಯ್ತು, ಗ್ರೂಪ್ ಫೋಟೋ ಆಯ್ತು, ಮಾರನೇ ದಿನ ಹೋಗಿ ನೋಡಿದ್ರೆ ಮಕ್ಕಳ ಪುಸ್ತಕದ ಬೀರುಗೆ ಬೀಗ. ಯಾಕೆ ಅಂತ ಕೇಳಿದ್ರೆ ಮೇಲಿನವರಿಂದ ಬಂದ ಉತ್ತರ, ಮಕ್ಕಳ ಕೈಗೆ ಕೊಟ್ರೆ ಹಾಳು ಮಾಡ್ತಾರೆ, ನಾಳೆ ಆಡಿಟ್ ಬಂದ್ರೆ ಉತ್ತರ ಕೊಡೋರು ಯಾರು ಅಂತ.

ಹಾಳು ಮಾಡ್ತಾರೆ ಅನ್ನೋದಕ್ಕೆ ನಾನು ಕಣ್ಣಾರೆ ಕಂಡದ್ದು ಒಂದು ಹೇಳ್ತೀನಿ. ಶಿಬಿರದ ಮೂರನೇ ದಿನ ಲೈನ್‌ಮನೆಯ, ಅಂದ್ರೆ ತೋಟದ ಕಾರ್ಮಿಕರು ಇರೋ ಸಾಲುಮನೆಯ, ಒಂದು ಹುಡುಗಿ, ಹತ್ತು ವರ್ಷ ಇರ್ಬಹುದು, ಹಿಂದಿನ ದಿನ ಮನೆಗೆ ತಗೊಂಡು ಹೋಗಿದ್ದ ಪುಸ್ತಕ ವಾಪಸ್ ತಂದಿದ್ದಳು, ಆದ್ರೆ ಟೇಬಲ್ ಮೇಲೆ ಇಡ್ತಾ ಇಲ್ಲ, ಎದೆಗೆ ಅವುಚಿಕೊಂಡು ಬಾಗಿಲ ಹತ್ರನೇ ನಿಂತಿದ್ದಾಳೆ. ನಮ್ಮ ಲೈಬ್ರರಿ ಮೇಲ್ವಿಚಾರಕಿಯನ್ನ ಮಕ್ಕಳೆಲ್ಲ ಅಕ್ಕ ಅಂತಾನೇ ಕರೆಯೋದು. ಅಕ್ಕ ಹತ್ರ ಕರೆದು ನೋಡಿದ್ರೆ ಎರಡು ಪುಟ ಹಲಸಿನ ಮೇಣಕ್ಕೆ ಅಂಟಿಕೊಂಡುಬಿಟ್ಟಿದೆ. ತಮ್ಮನಿಗೆ ಓದಿ ಹೇಳ್ತಾ ಇದ್ದೆ ಅಕ್ಕಾ, ಅವನು ಹಣ್ಣು ತಿಂತಾ ಇದ್ದ ಅಂದಳು, ಕಣ್ಣಲ್ಲಿ ನೀರು. ಅಕ್ಕ ಬೈಲಿಲ್ಲ. ಪಕ್ಕದ ಮನೆಯಿಂದ ಒಂದು ಚಮಚ ತೆಂಗಿನೆಣ್ಣೆ ತರಿಸಿ, ಹತ್ತಿಯಲ್ಲಿ ಅದ್ದಿ, ಅಂಚಿನಿಂದ ಸ್ವಲ್ಪಸ್ವಲ್ಪವೇ ಒರೆಸ್ತಾ ಹದಿನೈದು ನಿಮಿಷ ಕೂತು ಆ ಎರಡು ಪುಟ ಬಿಡಿಸಿದ್ರು. ಹರಿಲಿಲ್ಲ. ಎಣ್ಣೆ ಹತ್ತಿದ ಕಡೆ ಕಾಗದ ಗಾಜಿನ ಥರ ಆಗಿ ಹಿಂದಿನ ಪುಟದ ಆನೆ ಈ ಕಡೆ ಕಾಣ್ತಿತ್ತು ಅಷ್ಟೇ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ "ವಾಪಸ್ ಬಂದಿದೆ, ಎಣ್ಣೆ ಕಲೆ ಇದೆ" ಅಂತ ಬರೆದು, ಅವಳ ಕೈಗೆ ಇನ್ನೊಂದು ಪುಸ್ತಕ ಕೊಟ್ರು. ಆಡಿಟ್‌ಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು, ಇದು ಕೊಡಗು. ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ಬಾಗಿಲ ಹಿಂದೆ ನೇತು ಹಾಕಿದ ಬೆಲ್ಟಿಗೂ ಬೂಷ್ಟು ಬರ್ತದೆ, ಅಂಥದ್ರಲ್ಲಿ ಕಬ್ಬಿಣದ ಬೀರುವಿನೊಳಗೆ ಗಾಳಿ ಆಡದೆ ಒತ್ತಿಟ್ಟ ಪುಸ್ತಕ ಏನಾಗ್ತದೆ ಅಂತ ಯಾರಾದ್ರೂ ಸೆಪ್ಟೆಂಬರ್‌ನಲ್ಲಿ ತೆಗೆದು ನೋಡಿದ್ದೀರಾ? ನಾನು ನೋಡಿದ್ದೀನಿ. ಒಂದಕ್ಕೊಂದು ಅಂಟಿ, ಬೆನ್ನಿಗೆಲ್ಲ ಬಿಳಿ ಬೂಷ್ಟು, ಬಿಡಿಸಿದ್ರೆ ಮುಗ್ಗುಲು ವಾಸನೆ. ಹಲಸಿನ ಮೇಣ ಎಣ್ಣೆಯಲ್ಲಿ ಬಿಡ್ತದೆ, ಈ ಬೂಷ್ಟಿನ ಕಲೆ ಯಾವುದಕ್ಕೂ ಬಿಡಲ್ಲ. ಪುಸ್ತಕ ಹಾಳು ಮಾಡ್ತಿರೋದು ಮಕ್ಕಳಲ್ಲ, ಬೀಗ. ನಾಲ್ಕು ಮನೆ ತಿರುಗಿ, ಒಲೆ ಉರಿಯೋ ಬೆಚ್ಚಗಿನ ಮನೆಯಲ್ಲಿ ದಿನಾ ಯಾರಾದ್ರೂ ಬಿಡಿಸಿ ಮಡಚ್ತಾ ಇದ್ರೆ ಅದೇ ಪುಸ್ತಕ ಬೀರುವಿನಲ್ಲಿ ಇರೋದಕ್ಕಿಂತ ಜಾಸ್ತಿ ದಿನ ಬಾಳ್ತದೆ.

ಹಿಂದೆ ಯುರೋಪಿನ ಲೈಬ್ರರಿಗಳಲ್ಲಿ ಪುಸ್ತಕಕ್ಕೆ ಸರಪಳಿ ಹಾಕಿ ಇಡ್ತಿದ್ರು. ಅದೆಲ್ಲ ಹೋಗಿ, ನಮ್ಮ ದೇಶದ ಲೈಬ್ರರಿಗಳಿಗೆ ದಾರಿ ತೋರಿಸಿದ ಎಸ್. ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿಟ್ಟರು, ಅದರಲ್ಲಿ ಮೊದಲನೇದೇ ಪುಸ್ತಕ ಇರೋದು ಬಳಸೋದಕ್ಕೆ ಅಂತ. ಅವರ ಹುಟ್ಟಿದ ದಿನ ಅಂತ ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಆಚರಿಸ್ತೀವಿ, ಫೋಟೋಗೆ ಹಾರ ಹಾಕ್ತೀವಿ. 2020ರಿಂದ ಓದುವ ಬೆಳಕು ಕಾರ್ಯಕ್ರಮ ಬಂದು ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳಿಗೆ ಸದಸ್ಯತ್ವ ಫ್ರೀ ಆಯ್ತು, ಈಗ ಬೋರ್ಡು ಕೂಡ ಅರಿವು ಕೇಂದ್ರ ಅಂತ ಬದಲಾಗಿದೆ. ಮೇಂಬರ್ ಮಾಡಿಕೊಂಡ ಮೇಲೆ ಪುಸ್ತಕ ಮನೆಗೆ ಕೊಡಬೇಕಲ್ವಾ. ದುಡ್ಡಿನ ಮಾತು ಬಂದ್ರೆ ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ತೆರಿಗೆ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ಬೇರೆ ಸಾಲಿನಲ್ಲೇ ಇರ್ತದೆ. ಕೇಳೋ ಹಕ್ಕು ನಮಗೆ ಉಂಟು.

ಟೈಮಿಂದೂ ಹೇಳ್ಬೇಕು. ಲೈನ್‌ಮನೆಯಲ್ಲಿ ಅಪ್ಪ ಅಮ್ಮ ಬೆಳಿಗ್ಗೆ ಎಂಟಕ್ಕೆಲ್ಲ ತೋಟದ ಕೆಲಸಕ್ಕೆ ಹೋಗ್ತಾರೆ, ಬರೋದು ಸಾಯಂಕಾಲ, ಅಲ್ಲಿತನಕ ಮಕ್ಕಳು ಮಕ್ಕಳೇ. ಮಡಿಕೇರಿಗೆ ದುಡ್ಡು ಕೊಟ್ಟು ಸಮ್ಮರ್ ಕ್ಯಾಂಪಿಗೆ ಕಳಿಸೋರ ಮಕ್ಕಳಿಗೆ ಲೈಬ್ರರಿ ಇಲ್ಲದಿದ್ರೂ ನಡೀತದೆ, ಈ ಮಕ್ಕಳಿಗೆ ಇರೋದು ಇದೊಂದೇ. ಸಂಜೆ ಹೊತ್ತಿಗೆ ಓಪನ್ ಮಾಡಿದ್ರೆ ಪ್ರಯೋಜನ ಇಲ್ಲ, ನಮ್ಮ ಕಡೆ ಐದು ಗಂಟೆ ಮೇಲೆ ಯಾವ ತೋಟದಿಂದ ಆನೆ ರಸ್ತೆಗೆ ಇಳೀತದೆ ಹೇಳೋಕಾಗಲ್ಲ, ಮಗುವನ್ನ ಒಂಟಿಯಾಗಿ ಯಾರು ಕಳಿಸ್ತಾರೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ತನಕ ತೆಗೆದಿಡಿ, ಮೇ ಮುಗಿಯೋವರೆಗೂ.

ಶಿಬಿರದಲ್ಲಿ ನನಗೆ ತುಂಬಾ ಇಷ್ಟ ಆದದ್ದು ಇನ್ವಿಟೇಶನ್‌ನಲ್ಲಿ ಇರಲೇ ಇಲ್ಲ. ಊರಿನ ಒಬ್ಬ ಹಿರಿಯರು ದುಡಿ ಅನ್ನೋ ಸಣ್ಣ ಚರ್ಮವಾದ್ಯ ಹಿಡ್ಕೊಂಡು ಬಂದು ಬಾಳೋಪಾಟ್, ಅಂದ್ರೆ ಕೊಡವರ ಸಾಂಪ್ರದಾಯಿಕ ಹಾಡು, ಹಾಡಿದ್ರು. ಮುಗಿದ ಮೇಲೆ ಆರನೇ ಕ್ಲಾಸಿನ ಒಬ್ಬ ಹುಡುಗ ಎದ್ದು, ತಾತ ಇದು ಎಲ್ಲಾದ್ರೂ ಬರೆದಿಟ್ಟಿದ್ದಾರಾ ಅಂತ ಕೇಳಿದ. ಅಕ್ಕ ಒಳಗೆ ಹೋಗಿ ನಡಿಕೇರಿಯಂಡ ಚಿಣ್ಣಪ್ಪನವರ ಪಟ್ಟೋಲೆ ಪಳಮೆ ತಂದು ಕೊಟ್ರು. 1924ರಲ್ಲಿ ಬಂದ ಪುಸ್ತಕ, ಕೊಡವ ಹಾಡುಗಳು ಕನ್ನಡ ಅಕ್ಷರದಲ್ಲಿ. ಮನೆಯಲ್ಲಿ ಕೇಳಿದ ಮಾತು ಪುಸ್ತಕದಲ್ಲಿ ಅಕ್ಷರ ಆಗಿ ಕೂತಿರೋದನ್ನ ಆ ಹುಡುಗ ಮೊದಲ ಸಲ ನೋಡಿದ್ದು, ಬೆರಳಿಟ್ಟು ಒಂದೊಂದೇ ಪದ ಓದ್ತಾ ಇದ್ದ, ಎಡವಿದಾಗ ತಾತ ಪಕ್ಕದಿಂದ ಹೇಳಿಕೊಡ್ತಿದ್ರು. ವಾರಕ್ಕೊಂದು ದಿನ ಇಂಥದ್ದು ಮಾಡೋದಕ್ಕೆ ಖರ್ಚೇನು, ಒಂದು ಲೋಟ ಕಾಫಿ.

ಕನ್ನಡ ಇನ್ನೂ ಬಾರದ ಅಸ್ಸಾಮಿನ ಕಾರ್ಮಿಕರ ಮಕ್ಕಳೂ ಬಂದಿದ್ರು, ಸುಮ್ಮನೆ ಚಿತ್ರ ನೋಡ್ತಾ ಕೂತಿದ್ರು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಅಸ್ಸಾಮಿ, ತಮಿಳು, ಮಲಯಾಳಂ ಎಲ್ಲದರಲ್ಲೂ ಮಕ್ಕಳ ಕಥೆ ಫ್ರೀ ಸಿಗ್ತದೆ, ನಾಲ್ಕು ಪ್ರಿಂಟ್ ತೆಗೆದು ಪಿನ್ ಹೊಡೆದಿಟ್ರೆ ಅವರಿಗೂ ಓದೋಕೆ ಏನಾದ್ರೂ ಆಗ್ತದೆ.

1997ರಲ್ಲಿ ನಮ್ಮ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ, ಕೊಡವ ಕುಟುಂಬಗಳೇ ತಂಡ ಕಟ್ಟಿ ಆಡೋ ಕೌಟುಂಬಿಕ ಹಾಕಿಗೆ 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬ ಸೇರಿದ್ವು. ಅದೂ ಬೇಸಿಗೆಯಲ್ಲೇ. ಮನಸ್ಸು ಮಾಡಿದ್ರೆ ಎಷ್ಟು ಜನ ಸೇರ್ತೀವಿ ಅಂತ ನಮಗೇ ಗೊತ್ತು, ಲೈಬ್ರರಿಗೆ ಬೇಕಾಗಿರೋದು ಅಷ್ಟು ಜನ ಅಲ್ಲ, ಐದಾರು ಜನ ಸಾಕು.

ಈ ವಾರ ಪಂಚಾಯಿತಿಗೆ ಒಂದು ಅರ್ಜಿ ಕೊಡ್ತಾ ಇದ್ದೀವಿ, ಬೀರು ತೆಗೀರಿ, ಕಳೆದುಹೋದ ಪುಸ್ತಕಕ್ಕೆ ನಾವು ದುಡ್ಡು ಕಟ್ತೀವಿ ಅಂತ ಬರೆದುಕೊಟ್ಟು ಸೈನ್ ಹಾಕ್ತೀವಿ. ಸೈನ್ ಹಾಕೋರು ಶನಿವಾರ ಹನ್ನೊಂದು ಗಂಟೆಗೆ ಲೈಬ್ರರಿ ಹತ್ರ ಬನ್ನಿ. ತೋಟಕ್ಕೆ ಪಿಕಪ್ ಓಡಿಸೋರು ಯಾರಾದ್ರೂ ಇದನ್ನ ಓದ್ತಾ ಇದ್ರೆ ನನಗೊಂದು ಮೆಸೇಜ್ ಹಾಕಿ, ದೂರದ ಲೈನ್‌ಮನೆಗಳಿಗೆ ವಾರಕ್ಕೊಂದು ಚೀಲ ಪುಸ್ತಕ ಕಳಿಸೋ ಯೋಚನೆ ಉಂಟು. ಮಳೆ ಬರೋ ಹಾಗಿದ್ರೆ ಮುಚ್ಚೋದಕ್ಕೆ ಟಾರ್ಪಾಲ್ ನಾನೇ ತರ್ತೀನಿ.